ಬಾನೆಟ್ಟಿನೊಳಗಿನ ತಂತಿ

ಎಕಂಬಾ, ತಾ. ಔರಾದ
ಶನಿವಾರ, 23 ಏಪ್ರಿಲ್ 2016

ಪ್ರೀತಿಯ ಅಣ್ಣಾ,

ಜೈ ಭೀಮ. ನಿನ್ನ ಸೊಂಟದ ನೋವು ಈಗ ಹೇಗಿದೆ? ಕಂಪನಿಯ ಬಸ್ಸು ಓಡಿಸುತ್ತಾ ದಿನಕ್ಕೆ ಹತ್ತು ತಾಸು ಕೂತೇ ಇರುತ್ತೀ ಎಂದು ವೈನಿ ಅವ್ವನ ಮುಂದೆ ಹೇಳಿದರಂತೆ. ರಾತ್ರಿ ಮಲಗುವ ಮುಂಚೆ ಎಳ್ಳೆಣ್ಣೆ ಹಚ್ಚಿಸಿಕೊ. ನಿನ್ನ ಮಗಳು ಪುಣೆಯ ಅಂಗನವಾಡಿಯಲ್ಲಿ ಮರಾಠಿ ಹಾಡು ಕಲಿತಳಂತೆ, ಕೇಳಿ ಅವ್ವನಿಗೆ ಖುಷಿಯಾಯಿತು, ಆದರೆ ಕನ್ನಡ ಮರೆಸಬೇಡ. ಅವ್ವ ಗಟ್ಟಿ ಇದ್ದಾಳೆ. ಟ್ಯಾಂಕರ್ ಮೂರು ದಿನಕ್ಕೊಮ್ಮೆ ಬರುತ್ತದೆ, ಬಂದ ದಿನ ಅವಳ ದನಿ ಇಡೀ ಓಣಿಗೆ ಕೇಳಿಸುತ್ತದೆ. ಈ ಸಲ ಬಾಬಾಸಾಹೇಬರ ಜಯಂತಿಗೆ ಮೆರವಣಿಗೆ ತೆಗೆಯಲು ಮಂದಿಯೇ ಇರಲಿಲ್ಲ, ಅರ್ಧ ಓಣಿ ನಿಮ್ಮ ಕಡೆಯೇ ಇದೆ. ಡೋಲು ಬಾರಿಸಲು ನನ್ನನ್ನು ನಿಲ್ಲಿಸಿದರು. ಲಯ ಮೂರು ಸಲ ತಪ್ಪಿತು. ಬೈಯುವುದಕ್ಕೂ ಯಾರೂ ಉಳಿದಿರಲಿಲ್ಲ.

ಫೋನ್ ಇರುವಾಗ ಪತ್ರ ಯಾಕೆ ಎಂದು ನೀನು ಕೇಳಬಹುದು. ನಮ್ಮ ಪಿಕಪ್ ಗಾಡಿಯ ಮಾತು ತೆಗೆದ ಕೂಡಲೇ ನಿನ್ನ ರೇಂಜ್ ಹೋಗುತ್ತದೆ, ಅದಕ್ಕೇ. ಮೊದಲ ಸಲ ನಿಜವೆಂದುಕೊಂಡೆ. ಎರಡನೆಯ ಸಲ ವೈನಿ ಎತ್ತಿ, ಅವರು ಡ್ಯೂಟಿ ಮ್ಯಾಲ ಹೋಗ್ಯಾರ ಎಂದರು, ಆದರೆ ಹಿಂದಿನಿಂದ ನಿನ್ನ ಕೆಮ್ಮು ಕೇಳಿಸಿತು. ಮೂರನೆಯ ಸಲ ನೀನೇ ಎತ್ತಿ, "ಬಿಡೋ ಮಾಣಿಕ, ಅದರ ಸುದ್ದಿ ನಿನಗ್ಯಾಕ? ಎಸಿ ಥಂಡಾ ಮಾಡಿಸು ಅಂದೇನಿ, ಥಂಡಾ ಮಾಡಿಸು" ಎಂದು ಇಟ್ಟುಬಿಟ್ಟೆ. ನಾಳೆ ಸಂಜೆ ನಮ್ಮ ಓಣಿಯ ಗಂಗುಬಾಯಿ ಕಟ್ಟಡದ ಕೆಲಸಕ್ಕೆಂದು ಪುಣೆ ಬಸ್ಸು ಹತ್ತುತ್ತಾಳೆ. ಈ ಕಾಗದ ಅವಳ ಕೈಯಲ್ಲಿ ಕೊಡುತ್ತೇನೆ. ಕಾಗದಕ್ಕೆ ರೇಂಜ್ ಬೇಕಾಗಿಲ್ಲ.

ನಿನ್ನ ಮಾತಿನಂತೆಯೇ ಶುರುಮಾಡಿದೆ. ಭಾಲ್ಕಿಯ ಲಾಲ ಅಹ್ಮದ ಅವರು ಗಾಡಿ ಕೊಳ್ಳುತ್ತಾರೆ, ಎಸಿ ಒಂದು ಸರಿಮಾಡಿಸು ಎಂದಿದ್ದೆ ನೀನು. ಅವರ ತಾಯಿ ಶಾಕಿರಾ ಬೇಗಂ ಅವರಿಗೆ ಕಿಡ್ನಿ ಹೋಗಿದೆ, ವಾರಕ್ಕೆರಡು ಸಲ ರಕ್ತ ಸೋಸಲು ಬೀದರಿನ ದವಾಖಾನೆಗೆ ಕರೆದುಕೊಂಡು ಹೋಗಬೇಕು, ನೀರು ಸಹ ಅಳೆದು ಕುಡಿಯುವ ಮುದುಕಿ, ಈ ಬಿಸಿಲು ತಾಳುವುದಿಲ್ಲ, ಅದಕ್ಕೇ ಡಬಲ್ ಕ್ಯಾಬಿನ್ನಿನ ಎಸಿ ಗಾಡಿ ಬೇಕು ಎಂದೂ ನೀನೇ ಹೇಳಿದ್ದೆ. ಈ ಮಾತನ್ನು ನೀನು ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು. ಆಗ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಗಾಡಿಯನ್ನು ಬೀದರಿಗೆ ಒಯ್ದು ಕುತುಬೋದ್ದೀನ ಮೇಸ್ತ್ರಿಯ ಮುಂದೆ ನಿಲ್ಲಿಸಿದೆ. ನನಗೆ ಮೇಸ್ತ್ರಿಗಳ ಮೇಲೆ ನಂಬಿಕೆಯಿಲ್ಲ. ಹೋದವರಿಗೆಲ್ಲ "ಗ್ಯಾಸ್ ಹೋಗ್ಯದ" ಎಂದು ಹೇಳಿ ಗ್ಯಾಸ್ ತುಂಬುತ್ತಾರೆ, ಒಂದು ತಿಂಗಳಿಗೆ ಮತ್ತೆ ಹೋಗುತ್ತದೆ. ಅದಕ್ಕೆ ಕುರ್ಚಿ ಕೊಟ್ಟರೂ ಕೂರದೆ ಅವರ ಭುಜಕ್ಕೆ ಭುಜ ಹಚ್ಚಿ ನಿಂತೆ. ಅವರು ಹಲ್ಲಿನ ನಡುವಿನ ಅಡಿಕೆ ಒತ್ತರಿಸಿ, "ಪೊಲೀಸ್ ಇಲಾಖೆಯಿಂದ ಬಂದೀರೇನ್ರಿ ಸಾಹೇಬ್ರ?" ಎಂದು ಕೇಳಿದರು. ಆದರೆ ಗ್ಯಾಸ್ ತುಂಬಲಿಲ್ಲ. ಮುಂದಿನ ಜಾಲಿಗೆ ಟಾರ್ಚ್ ಹಿಡಿದು ತೋರಿಸಿದರು. ಎರಡು ವರ್ಷ ದಾಲ್ ಮಿಲ್ಲಿನಿಂದ ಹೇರಿದ ತೊಗರಿ ಹೊಟ್ಟೆಲ್ಲ ಅದರೊಳಗೆ ಕೂತು ಮಣ್ಣಿನ ಗೋಡೆಯಾಗಿತ್ತು. "ಗಾಳಿ ಹೋಗಲಿಕ್ಕ ಜಾಗಾನೇ ಇಲ್ಲ, ಥಂಡಾ ಎಲ್ಲಿಂದ ಬರ್ತದ? ಮನಿಗೆ ಒಯ್ದು ಮೆಲ್ಲಕ ನೀರ ಹಾಕಿ ತೊಳಿ, ಜೋರ ಹೊಡೀಬ್ಯಾಡ, ಜಾಲಿ ಮಡಚ್ತದ. ಆಮ್ಯಾಲ ಬಾ" ಎಂದರು.

ತೊಳೆ ಎನ್ನುವುದು ಸುಲಭ. ಈ ಏಪ್ರಿಲ್‌ನಲ್ಲಿ ಎಕಂಬಾದಲ್ಲಿ ಗಾಡಿ ತೊಳೆಯುವವನನ್ನು ಮಂದಿ ಏನೆಂದು ನೋಡುತ್ತಾರೆ ಎಂದು ನಿನಗೆ ಗೊತ್ತಿಲ್ಲವೇ? ಅವ್ವ ಬಟ್ಟೆ ಜಾಲಿಸಿದ ನೀರನ್ನು ಎರಡು ದಿನ ಕೂಡಿಹಾಕಿದಳು. ಸೋಪಿನ ನೊರೆ ಇಳಿದ ಮೇಲೆ ಸೀರೆಯ ಚೂರಿನಲ್ಲಿ ಸೋಸಿ, ಹಿತ್ತಲಲ್ಲಿ ಗಾಡಿಗೆ ಗೋಣಿಚೀಲ ಮರೆಮಾಡಿ, ಚೊಂಬಿನಿಂದ ಹನಿಹನಿ ಹಾಕಿ ತೊಳೆದೆ. ಆದರೂ ಪಕ್ಕದ ಮನೆಯವರು ಗೋಡೆಯ ಮೇಲಿನಿಂದ ಇಣುಕಿ, "ಕಾಂತಾಬಾಯಿ, ನಿನ್ನ ಮಗ ಗಾಡಿಗಿ ಲಗ್ನದ ಸ್ನಾನ ಮಾಡಸ್ಲಿಕತ್ತಾನೇನ್?" ಎಂದರು. ಅವ್ವ, "ಹೌದ್ರಿ, ಹುಡುಗಿ ಭಾಲ್ಕಿಗಿ ಹೋಗ್ತಾಳ" ಎಂದಳು. ತೊಗರಿ ಹೊಟ್ಟು ಎಲ್ಲ ಕರಗಿ ಸಾರಿನಂತೆ ಇಳಿಯಿತು. ಎಸಿ ಸ್ವಲ್ಪ ಸುಧಾರಿಸಿತು, ಆದರೆ ಸ್ವಲ್ಪವೇ. ಕೈ ಒಡ್ಡಿದರೆ ಮೊದಲು ತಣ್ಣಗೆ, ಆಮೇಲೆ ಯಾರೋ ಬಾಯಿಯಿಂದ ಊದಿದ ಹಾಗೆ ಬೆಚ್ಚಗೆ.

ಗುರುವಾರ ಮತ್ತೆ ಬೀದರಿಗೆ ಹೋದೆ. ಮೇಸ್ತ್ರಿ ಗೇಜು ಹಚ್ಚಿ ನೋಡಿ ಗ್ಯಾಸ್ ಬರೋಬರಿ ಇದೆ ಎಂದರು. ನನಗೆ ಇನ್ನೂ ಸಂಶಯವಾಯಿತು, ಗ್ಯಾಸ್ ಸರಿಯಿದೆ ಎನ್ನುವ ಮೇಸ್ತ್ರಿಯನ್ನು ನಾನು ಈವರೆಗೆ ಕಂಡಿಲ್ಲ. ಆಮೇಲೆ ಅವರು ಹೀಟರಿಗೆ ಹೋಗುವ ಪೈಪು ಮುಟ್ಟಿ ಕೈ ಝಾಡಿಸಿದರು. "ಈ ಬ್ಯಾಸಗ್ಯಾಗ ಹೀಟರ್ ಯಾಕ ಚಾಲೂ ಅದ? ನಿನ್ನ ಎಸಿ ಥಂಡಾ ಮಾಡ್ಲಿಕತ್ತದ, ಹೀಟರ್ ಕೂತು ಅದನ್ನ ಗರಮ್ ಮಾಡ್ಲಿಕತ್ತದ. ಗಂಡ ಹೆಂಡತಿ ಜಗಳದಾಗ ನೀ ನಡುವ ಬೆವರ್ಲಿಕತ್ತೀದಿ" ಎಂದು ನಕ್ಕರು. ಬಗ್ಗಿ ನೋಡಿದರೆ, ಎಂಜಿನ್ನಿನ ಬಿಸಿನೀರು ಹೀಟರಿಗೆ ಬಿಡುವ ನಳವನ್ನು ಪೂರ್ತಿ ತೆರೆದು, ಮುಚ್ಚದಂತೆ ತಂತಿಯಿಂದ ಬಿಗಿದು ಕಟ್ಟಿದ್ದರು. ಮೇಸ್ತ್ರಿಯ ನಗು ನಿಂತಿತು. "ಯಾರೋ ಬೇಕಂತಲೇ ಕಟ್ಯಾರ. ಬಿಚ್ಚೂ ಮೊದಲು ಮನಿಯಾಗ ಕೇಳು" ಎಂದರು. ನಾನು ಕೇಳಲಿಲ್ಲ. ಇಕ್ಕಳದಿಂದ ಕತ್ತರಿಸಿಯೇ ಬಿಟ್ಟೆ.

ಅಣ್ಣಾ, ಆ ತಂತಿಯ ತುದಿಯನ್ನು ಒಳಗೆ ಬಗ್ಗಿಸಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಲಾಗಿತ್ತು. ಅವ್ವನ ಬಕೀಟಿನ ಹಿಡಿಗೆ, ನಮ್ಮ ಬಾಗಿಲ ಚಿಲಕಕ್ಕೆ, ನಾನು ಸಾಲಿಗೆ ಹೋಗುವಾಗಿನ ಚೀಲದ ಕೊಂಡಿಗೆ ಇದೇ ರೀತಿ ಕಟ್ಟಿದ್ದವನು ಯಾರು? ಕೈಗೆ ಚುಚ್ಚಬಾರದೆಂದು ತುದಿ ಒಳಗೆ ಬಗ್ಗಿಸುವ ಮನುಷ್ಯನನ್ನು ನಾನು ಒಬ್ಬನನ್ನೇ ಬಲ್ಲೆ. ಚೂರನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.

ನಳ ಮುಚ್ಚಿದ ಮೇಲೆ ಎಸಿ ಎಂಥಾ ಥಂಡಾ ಆಯಿತೆಂದರೆ, ಜನವಾಡ ದಾಟುವುದರೊಳಗೆ ಮೊಣಕಾಲು ನೋಯತೊಡಗಿತು. ಆದರೆ ಮಾಂಜ್ರಾ ಸೇತುವೆ ಮುಗಿದು ಏರು ಹತ್ತುವಾಗ ಎಂಜಿನ್ನಿನ ಗರಮಿ ತೋರಿಸುವ ಮುಳ್ಳು ಏಳತೊಡಗಿತು. ಕೆಳಗೆ ನದಿಯಲ್ಲಿ ಒಂದು ಚೊಂಬು ನೀರಿಲ್ಲ, ಬರೀ ಕಲ್ಲು. ಮುಳ್ಳು ಕೆಂಪಿಗೆ ಮುಟ್ಟಿತು. ಆಗ ಏನೋ ಹೊಳೆದು, ಇಳಿದು ನಳ ತೆರೆದು, ಹೀಟರಿನ ಫ್ಯಾನ್ ಜೋರು ಮಾಡಿದೆ. ಮುಳ್ಳು ಇಳಿಯಿತು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಹೀಟರ್, ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ಔರಾದಿನವರೆಗೆ ಓಡಿಸಿದೆ. ಎದುರು ಬಂದ ಬಸ್ಸಿನ ಡ್ರೈವರ್ ನನ್ನನ್ನು ನೋಡಿ ಕೈಮುಗಿದ. ನೀನು ಯಾವಾಗಲೂ "ಏರು ಬಂದಾಗ ಫ್ಯಾನ್ ಬಂದ್ ಮಾಡಬ್ಯಾಡ" ಎನ್ನುತ್ತಿದ್ದದ್ದು ಯಾಕೆಂದು ಅಂದು ತಿಳಿಯಿತು. ಎಂಜಿನ್ ಒಳಗೇ ಕೆಟ್ಟಿದೆ. ಹೀಟರ್ ತೆರೆದಿಟ್ಟರೆ ಮಾತ್ರ ಕುದಿಯುವುದಿಲ್ಲ. ನೀನು ಆ ಕೆಡುಕನ್ನು ಈ ತಂತಿಯಿಂದ ಮರೆಮಾಡಿ, ಕೇಳಿದವರಿಗೆಲ್ಲ ಗ್ಯಾಸ್ ಹೋಗಿದೆ ಎಂದು ಹೇಳುತ್ತಾ ಬಂದೆ.

ನೀನು ಯಾವಾಗ ಕಟ್ಟಿದೆ ಎಂಬ ಲೆಕ್ಕವನ್ನೂ ಹಾಕಿದ್ದೇನೆ. ಹೋದ ವರ್ಷ ಯುಗಾದಿಗೆ ನೀನು ವೈನಿಯ ತವರಿಗೆ ಹೋಗಿದ್ದಾಗ, ದುಡಿಯಲು ಊರು ಬಿಟ್ಟು ಹೊರಟ ಓಣಿಯ ಐದು ಮನೆಯವರನ್ನು ಭಾಲ್ಕಿ ಸ್ಟೇಷನ್ನಿಗೆ ಬಿಟ್ಟು ಬಂದವನು ನಾನು. ಆ ದಿನ ಎಸಿ ಎಷ್ಟು ಥಂಡಾ ಇತ್ತೆಂದರೆ ಗಂಗುಬಾಯಿ ಸೆರಗು ಹೊದ್ದು ಕೂತಿದ್ದಳು. ಸ್ಟೇಷನ್ನಿನ ನಳ ಒಣಗಿತ್ತು, ರೈಲು ಎರಡು ತಾಸು ತಡ, ಮಕ್ಕಳು ಅಳತೊಡಗಿದ್ದವು. ಗಾಡಿಗೆಂದು ನೀನು ಸೀಟಿನ ಹಿಂದೆ ಇಟ್ಟಿದ್ದ ನೀರಿನ ಕ್ಯಾನನ್ನು ನಾನು ಅವರಿಗೇ ಕೊಟ್ಟುಬಂದೆ. ಬರುವಾಗ ಬಾನೆಟ್ಟಿನಿಂದ ಸ್ವಲ್ಪ ಉಗಿ ಬಂದಿತ್ತು, ದಾರಿಯಲ್ಲಿ ಎಲ್ಲೂ ನೀರಿರಲಿಲ್ಲ, ನಿಲ್ಲಿಸದೆ ಮನೆಗೆ ತಂದೇ ಎಂಜಿನ್ ಆರಿಸಿದೆ. ಅಷ್ಟು ಸಣ್ಣ ಮಾತನ್ನೂ ನಾನು ನಿನ್ನಿಂದ ಮುಚ್ಚಿಡಲಿಲ್ಲ, ನೀನು ಬಂದ ಕೂಡಲೇ ಹೇಳಿದೆ. ನೀನು ಬಾನೆಟ್ ಎತ್ತಿ ಬಹಳ ಹೊತ್ತು ನೋಡಿ, "ಏನಾಗಂಗಿಲ್ಲ ಬಿಡು" ಎಂದೆ. ಅದಾಗಿ ಎರಡೇ ವಾರಕ್ಕೆ ಎಸಿ ಬೆಚ್ಚಗಾಯಿತು. ಅಂದರೆ ಆ ಎರಡು ವಾರದಲ್ಲಿ ನೀನು ಗಾಡಿಯನ್ನು ಎಲ್ಲೋ ಕೆಡಿಸಿಕೊಂಡು ಬಂದು ಈ ತಂತಿ ಕಟ್ಟಿದೆ. ಎಲ್ಲಿ ಕೆಡಿಸಿದೆ? ನಾನು ಉಗಿಯನ್ನೇ ಹೇಳಿದವನು, ನೀನು ಎಂಜಿನ್ನನ್ನೇ ಹೇಳಲಿಲ್ಲ.

ನಾನು ಸಾಲಿ ಬಿಟ್ಟವನು, ನೀನು ತಿಳಿದವನು, ಒಪ್ಪುತ್ತೇನೆ. ಆದರೆ ಶಾಕಿರಾ ಬೇಗಂ ದವಾಖಾನೆಯಿಂದ ಸುಸ್ತಾಗಿ ಬರುವಾಗ ಭಾಲ್ಕಿ ದಾರಿಯ ನಡುವೆ ಎಂಜಿನ್ ಕುದಿದು ನಿಂತರೆ, ಆ ಬಿಸಿಲಲ್ಲಿ ಆ ಮುದುಕಿ ಏನು ಮಾಡಬೇಕು? ಎಸಿ ಬೇಕಾದರೆ ಎಂಜಿನ್ ಕುದಿಯುತ್ತದೆ, ಎಂಜಿನ್ ಉಳಿಯಬೇಕಾದರೆ ಮುದುಕಿ ಬೇಯುತ್ತಾಳೆ. ಇಂಥ ಗಾಡಿಯನ್ನು ನಾನು ನನ್ನ ಕೈಯಾರೆ ಕೊಡಲಾರೆ. ಈ ಕಾಗದ ಮುಟ್ಟಿದ ದಿನವೇ ನೀನು ಲಾಲ ಅಹ್ಮದ ಅವರಿಗೆ ಫೋನ್ ಮಾಡಿ ನಿಜ ಹೇಳು. ಮೇ ಒಂದರ ಭಾನುವಾರ ಅವರು ಗಾಡಿ ಒಯ್ಯಲು ಬರುತ್ತಾರೆ. ಅಷ್ಟರೊಳಗೆ ನೀನು ಹೇಳದಿದ್ದರೆ ನಾನು ಹೇಳುತ್ತೇನೆ. ಆಮೇಲೆ ನನ್ನನ್ನು ಬೈಯಬೇಡ.

ಅವ್ವನಿಗೆ ಇದಾವುದೂ ಗೊತ್ತಿಲ್ಲ. ಅವಳು ಗಂಗುಬಾಯಿಯ ಕೈಯಲ್ಲಿ ಜೋಳದ ಹಿಟ್ಟು, ಶೇಂಗಾ ಹಿಂಡಿ ಕಳಿಸಿದ್ದಾಳೆ, ಸೊಂಟಕ್ಕೆ ಪಟ್ಟಿ ಕಟ್ಟಿಕೊ ಎಂದಿದ್ದಾಳೆ, ನಿಮ್ಮ ಮೂವರ ತಲೆಯ ಮೇಲೂ ಅವಳ ಕೈ ಇದೆ. ವೈನಿಗೆ ನನ್ನ ನಮಸ್ಕಾರ, ಮಗಳಿಗೆ ಒಂದು ಮುತ್ತು.

ನಿನ್ನ ಉತ್ತರಕ್ಕೆ ಕಾದಿರುವ,
ಮಾಣಿಕ

ತಾ.ಕ. ಔರಾದ ಬಸ್ ಸ್ಟ್ಯಾಂಡ್, ಭಾನುವಾರ ಸಂಜೆ. ಗಂಗುಬಾಯಿಯ ಗಂಟು ಬಸ್ಸಿನ ಮೇಲೆ ಏರಿದೆ, ಬೇಗ ಬರೆಯುತ್ತೇನೆ. ಇಂದು ಬೆಳಿಗ್ಗೆ ಲಾಲ ಅಹ್ಮದ ಅವರು ಗಾಡಿ ನೋಡಲೆಂದು ತಾವಾಗಿಯೇ ಬಂದರು. ನನಗೆ ತಡೆಯಲಾಗಲಿಲ್ಲ. ತಂತಿಯ ಚೂರು ಅವರ ಕೈಗಿಟ್ಟು, ನಮ್ಮಣ್ಣ ನಿಮಗೆ ಮೋಸ ಮಾಡಲಿಕ್ಕೆ ಹೊರಟಾನ್ರಿ ಎಂದೆ. ಅವರ ಮುಖ ಕೆಂಪಾಯಿತು. "ಯಾರಿಗೆ ಮೋಸಗಾರ ಅಂತೀಯೋ? ನಿಮ್ಮಣ್ಣ ಕಾಶೀರಾಮ ನನಗ ಮೊದಲ ದಿನಾನೇ ಹೇಳ್ಯಾನ, ಎಂಜಿನ್ನಿನ ಹೆಡ್ಡು ಹೋಗ್ಯದ ಅಂತ. ಅದನ್ನ ನಾನೇ ಇಳಿಸಿ ಮಾಡಿಸ್ತೀನಿ, ಆಮ್ಯಾಲೇ ಅಮ್ಮೀನ ಕೂಡಿಸ್ತೀನಿ. ಎಸಿ ಗಟ್ಟಿ ಅದನೋ ಇಲ್ಲೋ ಅಷ್ಟು ನೋಡಿ ಹೇಳು ಅಂದಿದ್ದೆ" ಎಂದರು. ಹಾಗಾದರೆ ನನ್ನಿಂದ ಯಾಕೆ ಮುಚ್ಚಿಟ್ಟ ಎಂದೆ. ಅದು ನಿನಗ ಬ್ಯಾಡ ಎಂದರು. ನಾನು ಬಿಡಲಿಲ್ಲ. ಕಡೆಗೆ ಹೇಳಿದರು, ನೀನು ಅವರ ಹತ್ತಿರ ಕೈಮುಗಿದು ಹೀಗೆ ಅಂದಿದ್ದೆಯಂತೆ: "ಮಾಣಿಕನ ಮುಂದ ಹೇಳಬ್ಯಾಡ್ರಿ. ಯುಗಾದಿ ದಿನ ನೀರಿಲ್ಲದ ಓಡಿಸಿ ಅವನೇ ಎಂಜಿನ್ ಸುಟ್ಟಾನ. ಸಾಲಿ ಬಿಟ್ಟಾನ, ಗೊತ್ತಾದ್ರ ಸ್ಟೇರಿಂಗ್ ಬಿಡ್ತಾನ."

ಮೇಲೆ ಬರೆದದ್ದನ್ನು ಹರಿಯಬೇಕೆಂದಿದ್ದೆ. ಬರೆದವನು ನಾನೇ, ಹರಿಯುವುದಿಲ್ಲ, ಓದು. ಅವ್ವನಿಗೆ ಮಧ್ಯಾಹ್ನ ನಾನೇ ಹೇಳಿದೆ. ಅವಳು ಕೇಳಿದ್ದು ಒಂದೇ, ಮಕ್ಕಳು ಆ ನೀರು ಕುಡಿದವೇ ಎಂದು. ಗಾಡಿಯನ್ನು ಭಾಲ್ಕಿಗೆ ನಾನೇ ಒಯ್ದು ಬಿಡಬೇಕಂತೆ, "ಮುಳ್ಳು ನೋಡ್ಕೋತ ಬಾ ಮಗಾ" ಎಂದರು ಲಾಲ ಅಹ್ಮದ. ತಂತಿಯನ್ನು ಮತ್ತೆ ಕಟ್ಟಿದ್ದೇನೆ, ತುದಿ ಒಳಗೆ ಬಗ್ಗಿಸಿ. ಎರಡು ಕ್ಯಾನು ನೀರು ಇಟ್ಟುಕೊಂಡು ಹೋಗುತ್ತೇನೆ. ಸ್ಟೇರಿಂಗ್ ಬಿಡುವುದಿಲ್ಲ. ಕಂಡಕ್ಟರ್ ಕೂಗುತ್ತಿದ್ದಾನೆ. ಓದಿ ಮುಗಿಸಿದ ಮೇಲೆ ಫೋನ್ ಮಾಡು ಅಣ್ಣಾ, ಎಷ್ಟು ಬೈದರೂ ನಾನು ಇಡುವುದಿಲ್ಲ.