ರಜೆಗೆ ಹೋದವರು

ತಾರೀಖು ಹನ್ನೊಂದು, ಗುರುವಾರ

ಪ್ರೀತಿಯ ಉದ್ದಜಡೆಗೆ,

ಇವತ್ತು ನನ್ನ ಉಪವಾಸ. ಬೆಳಿಗ್ಗೆ ಎದ್ದು ನೀರು ಹಿಡಿದಿಟ್ಟು, ನೆಲ ಒರೆಸಿ, ದೇವರ ಮುಂದೆ ದೀಪ ಹಚ್ಚಿ ಕೂತಿದ್ದೇನೆ. ಒಲೆ ಹಚ್ಚುವ ಕೆಲಸವಿಲ್ಲದೆ ಕೈ ಖಾಲಿಯಾಯಿತು, ನಿನ್ನ ನೆನಪಾಯಿತು. ನಿನ್ನ ಕಾಗದ ಬಂದು ಬಹಳ ದಿನವಾದರೂ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಳ್ಳಬೇಡ ಕಣೇ. ಪೆನ್ನು ಹಿಡಿದಾಗಲೆಲ್ಲ ಮೊದಲ ಸಾಲಿನಲ್ಲೇ ಕಣ್ಣು ಮಂಜಾಗುತ್ತಿತ್ತು. ಶಾಲೆಯಲ್ಲಿ ನಿನ್ನ ಜಡೆಯನ್ನು ಬೆಂಚಿಗೆ ಕಟ್ಟಿ ಓಡಿದವಳು ನಾನು. ಈಗ ನೀನು ಕಾರ್ಮಿಕರ ಸಂಘದಲ್ಲಿ ದೊಡ್ಡ ದೊಡ್ಡವರೆದುರು ಮೈಕು ಹಿಡಿದು ಮಾತಾಡುತ್ತೀಯಂತೆ. ದೇವರು ನಿನ್ನ ಗಂಟಲು ಚೆನ್ನಾಗಿಟ್ಟಿರಲಿ.

ದುಡಿಯುವವರಿಗೆಲ್ಲ ವರ್ಷಕ್ಕಿಷ್ಟು ದಿನ ಸಂಬಳ ಹಿಡಿಯದೆ ರಜೆ ಕೊಡಬೇಕು, ಅದು ಕಾನೂನೇ ಆಗಬೇಕು, ಸಭೆಗೆ ಬಂದು ನೀನೂ ನಾಲ್ಕು ಮಾತಾಡು ಎಂದು ಬರೆದಿದ್ದೀ. ಬರುವುದು ಹೇಗೆ? ರಜೆ ಬೇಕೆಂದು ಹೇಳುವುದಕ್ಕೆ ಬರಬೇಕಾದರೆ ಮೊದಲು ನನಗೆ ರಜೆ ಸಿಗಬೇಕಲ್ಲ! ಆದ್ದರಿಂದ ನನ್ನ ಬದಲು ಈ ಕಾಗದ ಬರುತ್ತದೆ. ನೀನೇ ಓದಿ ಹೇಳು.

ನಾನು ಗುಡಿಸುವ ಶಾಲೆಯಲ್ಲಿ ನಾಳೆಯಿಂದ ರಜೆ ಎಂದರೆ ಸಾಕು, ಮಕ್ಕಳು ಬೆಂಚಿನ ಮೇಲೆ ಹತ್ತಿ ಕುಣಿಯುತ್ತವೆ. ನಾನು ಮನೆಗೆ ಬಂದು ಅಕ್ಕಿ ಡಬ್ಬಿ ತೆಗೆದು ನೋಡುತ್ತೇನೆ. ಶಾಲೆ ಮುಚ್ಚಿದಷ್ಟು ದಿನ ನನ್ನ ಸಂಬಳಕ್ಕೂ ಬೀಗ. ಒಂದೇ ಮಾತು, ಅವರ ಕಿವಿಗೊಂದು ಥರ, ನನ್ನ ಕಿವಿಗೊಂದು ಥರ.

ನಮ್ಮ ಮನೆಯವರ ಲಾಂಡ್ರಿಯಲ್ಲಿ ಆ ಮಾತಿಗೆ ಇನ್ನೂ ಕೆಟ್ಟ ಅರ್ಥವಿತ್ತು. ಮದುವೆಗೂ ಮುಂಚಿನಿಂದ ಅವರು ಅಲ್ಲೇ ಇಸ್ತ್ರಿ ಮಾಡುತ್ತಿದ್ದುದು ನಿನಗೆ ಗೊತ್ತು. ಅಲ್ಲಿನ ಹಳೆಯ ಯಜಮಾನರು ಯಾರಿಗೂ ಬಾಯಿಬಿಟ್ಟು ಕೆಲಸದಿಂದ ತೆಗೆದಿದ್ದೇನೆ ಅಂದವರಲ್ಲ. ಬೆನ್ನು ತಟ್ಟಿ, ನಕ್ಕು, "ದಣಿದಿದ್ದೀಯ, ಸ್ವಲ್ಪ ದಿನ ರಜೆ ತಗೋ" ಅನ್ನುತ್ತಿದ್ದರು. ಹಾಗೆ ಹೋದವರು ಮತ್ತೆ ಆ ಬಾಗಿಲು ದಾಟಿ ಒಳಗೆ ಬಂದದ್ದಿಲ್ಲ. ಕೆಲಸ ಕಳೆದುಕೊಂಡವನನ್ನು ಅಲ್ಲಿ "ಅವನಿಗೆ ರಜೆ ಆಯ್ತು" ಎನ್ನುವುದೇ ರೂಢಿಯಾಯಿತು. ಬಟ್ಟೆ ಒಗೆಯುವ ಹಿರಿಯರೊಬ್ಬರಿದ್ದಾರೆ. ಮೊಣಕೈವರೆಗೂ ಸದಾ ನೊರೆ, ಅದಕ್ಕೆ ಎಲ್ಲರಿಗೂ ಅವರು ನೊರೆ ಮಾವ. "ಏನಯ್ಯಾ, ಕಾಲರ್ ಸುಟ್ಟೆಯಾ? ನಾಳೆಯಿಂದ ನಿಂಗೆ ರಜೆ ಹೋಗು!" ಎಂದು ನಮ್ಮವರನ್ನು ರೇಗಿಸುತ್ತಿದ್ದರು.

ಯಜಮಾನರು ತೀರಿಕೊಂಡ ಮೇಲೆ ಹೊಸ ಮ್ಯಾನೇಜರಮ್ಮ ಬಂದಳು. ಚಿಕ್ಕ ವಯಸ್ಸು, ಒಳ್ಳೆಯ ಮನಸ್ಸು. ನಿಂತು ನಿಂತು ಬಾತುಕೊಂಡಿದ್ದ ಇವರ ಕಾಲು ನೋಡಿ, "ಅಣ್ಣಾ, ತುಂಬ ದಣಿದಿದ್ದೀರಿ. ಒಂದು ವಾರ ರಜೆ ತಗೊಳ್ಳಿ. ಸಂಬಳದ ಚಿಂತೆ ಮಾಡ್ಬೇಡಿ" ಅಂದಳಂತೆ. ಪಾಪ, ಅವಳಿಗೇನು ಗೊತ್ತು ಆ ಲಾಂಡ್ರಿಯ ಭಾಷೆ?

ನೊರೆ ಮಾವ ಆಮೇಲೆ ನನ್ನ ಹತ್ತಿರ ಹೇಳಿಕೊಂಡು ಅತ್ತರು: "ಆಯ್ತಮ್ಮಾ ಅಂತ ಕೈ ಮುಗಿದ. ಮಡಿಸಿಟ್ಟಿದ್ದ ಬೆಡ್‌ಶೀಟನ್ನೇ ಬಿಚ್ಚಿ ಇನ್ನೊಂದ್ಸಲ ಇಸ್ತ್ರಿ ಮಾಡ್ದ. ಪೆಟ್ಟಿಗೆ ಒರೆಸಿಟ್ಟು ಹೊರಟೋದ. ನಾವೂ ಅವನ ಕೆಲಸ ಹೋಯ್ತು ಅಂತಲೇ ತಿಳ್ಕೊಂಡ್ವಿ ತಾಯಿ, ತಲೆ ಎತ್ತಿ ನೋಡೋಕೂ ಆಗ್ಲಿಲ್ಲ."

ಇವರು ಮನೆಗೆ ಬಂದು ನನಗೆ ಒಂದು ಮಾತೂ ಹೇಳಲಿಲ್ಲ. ಮರುದಿನ ಎಂದಿನಂತೆ ಬುತ್ತಿ ಹಿಡಿದು ಹೊರಟರು, ಎಂದಿನಂತೆ ಸಂಜೆಗೆ ಬಂದರು. "ಯಾಕ್ರೀ, ಇಷ್ಟು ಸುಸ್ತು?" ಅಂದರೆ "ಹೋಟೆಲ್‌ನೋರ ಬಟ್ಟೆ ರಾಶಿ ಬಂದಿತ್ತು ಕಣೇ" ಅನ್ನುವರು. ಹೀಗೇ ವಾರ ಕಳೆಯುತ್ತ ಬಂತು.

ಒಂದು ಮಧ್ಯಾಹ್ನ ಮೇಸ್ತ್ರಿಯೊಬ್ಬ ಶಾಲೆಗೆ ಓಡಿ ಬಂದ. ಎರಡು ಬೀದಿ ಆಚೆ ಕಟ್ಟಡ ಕಟ್ಟಿಸುವವನು. "ನಿಮ್ಮ ಯಜಮಾನ್ರು ಇಟ್ಟಿಗೆ ಹೊರ್ತಾ ಬಿಸಿಲಲ್ಲಿ ಕುಸಿದುಬಿಟ್ರಮ್ಮಾ. ಈ ಶಾಲೆ ಹೆಸರು ಹೇಳಿದ್ರು" ಅಂದ. ನಾನು ಪೊರಕೆಯನ್ನೂ ಕೆಳಗಿಡಲಿಲ್ಲ. "ನಮ್ಮೋರು ಇಸ್ತ್ರಿಯವರಪ್ಪಾ. ಬೇರೆ ಯಾರ ಮನೆಗೋ ಹೇಳಬೇಕಾದ್ದನ್ನ ನನಗೆ ಹೇಳ್ತಿದ್ದೀಯ" ಅಂದೆ. ಅವನು ಬುತ್ತಿ ಚೀಲ ಎತ್ತಿ ತೋರಿಸಿದ. ಕಿತ್ತುಹೋದ ಹಿಡಿಕೆಗೆ ನನ್ನ ಹಳೆಯ ಸೀರೆಯ ಅಂಚನ್ನು ನಾನೇ ಹೊಲಿದಿದ್ದೆ. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅದಾಗಿ ಎರಡೇ ದಿನಕ್ಕೆ ಮ್ಯಾನೇಜರಮ್ಮ ನಮ್ಮ ಬಾಗಿಲಿಗೆ ಬಂದಳು, ನಗುನಗುತ್ತಾ. "ಏನಮ್ಮಾ, ಅಣ್ಣನಿಗೆ ರಜೆ ರುಚಿ ಹತ್ತಿಬಿಡ್ತಾ? ವಾರ ಮುಗೀತು, ಇನ್ನೂ ಎದ್ದಿಲ್ವಾ?" ನಾನು ಗೋಡೆಯ ಫೋಟೋ ತೋರಿಸಿದೆ. ಅವಳು ಹೊಸ್ತಿಲಲ್ಲೇ ಕೂತುಬಿಟ್ಟಳು. ಕೊನೆಗೆ ನಾನೇ ಅವಳಿಗೆ ನೀರು ಕುಡಿಸಬೇಕಾಯಿತು. ಇವರನ್ನು ಯಾರೂ ತೆಗೆದಿರಲಿಲ್ಲವೆಂದು ನನಗೆ ತಿಳಿದದ್ದು ಆಗಲೇ. ಜನ್ಮದಲ್ಲಿ ಒಂದೇ ಸಲ ಸಿಕ್ಕ ರಜೆಯಲ್ಲಿ ನನ್ನ ಗಂಡ ಇಟ್ಟಿಗೆ ಹೊತ್ತರು.

ಎಷ್ಟು ವರ್ಷದಿಂದ ದೇವರಲ್ಲಿ ಒಂದನ್ನೇ ಬೇಡಿದ್ದೆ: ಇವರು ನಾಲ್ಕು ದಿನ ಕಾಲು ಚಾಚಿ ಮಲಗುವಂತೆ ಮಾಡಪ್ಪಾ ಎಂದು. ಅವನು ಆ ಹುಡುಗಿಯ ಬಾಯಲ್ಲಿ ಕೊಟ್ಟೂ ಕೊಟ್ಟ. ತೆಗೆದುಕೊಳ್ಳುವುದು ನಮಗೆ ಗೊತ್ತಾಗಲಿಲ್ಲ.

ಸಭೆಯಲ್ಲಿ ಯಾರಾದರೂ ಕೇಳಿದರೆ ಹೇಳು. ಒಳ್ಳೆಯ ಯಜಮಾನರು ಹೇಗೂ ರಜೆ ಕೊಡುತ್ತಾರೆ, ಕಾನೂನು ಯಾಕೆ ಅಂತ ಕೇಳಿಯೇ ಕೇಳುತ್ತಾರೆ. ಆ ಹುಡುಗಿ ಒಳ್ಳೆಯವಳೇ. ಆದರೆ ಒಬ್ಬರು ಮನಸ್ಸು ಮಾಡಿ ಕೊಟ್ಟದ್ದನ್ನು ಇನ್ನೊಬ್ಬರು ಹೇಗೆ ನಂಬುತ್ತಾರೆ? ಕಾನೂನಾಗಿದ್ದರೆ ಎಲ್ಲರಿಗೂ ಸರದಿ ಬರುತ್ತಿತ್ತು. ನೊರೆ ಮಾವ ಹೋಗಿ ಬರುತ್ತಿದ್ದರು, ಬಟ್ಟೆ ಮಡಿಸುವ ಹೆಂಗಸರು ಹೋಗಿ ಬರುತ್ತಿದ್ದರು. ರಜೆಗೆ ಹೋದವರು ವಾಪಸು ಬಂದು ಅದೇ ಮೇಜಿನ ಮುಂದೆ ನಿಂತದ್ದನ್ನು ಇವರು ಒಂದು ಸಲ ಕಣ್ಣಾರೆ ನೋಡಿದ್ದರೆ ಸಾಕಿತ್ತು. ಮನೆಗೆ ಬಂದು ಮಲಗುತ್ತಿದ್ದರು.

ನಿನ್ನ ಮಕ್ಕಳಿಗೆ, ನಿನ್ನ ಮನೆಯವರಿಗೆ ನನ್ನ ಹಾರೈಕೆ. ಅವರು ಸಂಜೆ ಬಂದ ಮೇಲೆ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತುಕೋ. ದೇವರು ನಿಮ್ಮಿಬ್ಬರನ್ನೂ ಒಟ್ಟಿಗಿಟ್ಟಿರಲಿ.

ನಿನ್ನ,
ಗಿಡ್ಡಿ

ಮತ್ತೊಂದು ಮಾತು. ಇದನ್ನು ಸಭೆಯಲ್ಲಿ ಓದಬೇಡ, ನಿನಗೆ ಮಾತ್ರ. ನಮ್ಮವರ ಮೈಯಿಂದ ಯಾವಾಗಲೂ ಲಾಂಡ್ರಿಯ ಸೋಪಿನ ವಾಸನೆ ಬರುತ್ತಿತ್ತು. ಬಡಿಸುವಾಗ ಅದು ಮೂಗಿಗೆ ಬಂದರೆ ನನಗೆ ಸಮಾಧಾನ. ಆ ವಾರವೂ ಬಂತು. ಆಸ್ಪತ್ರೆಯಿಂದ ತಂದ ಬುತ್ತಿ ಚೀಲದ ತಳದಲ್ಲಿ ಅದೇ ಸೋಪಿನ ತುಂಡೊಂದು ಸಿಕ್ಕಿತು ಕಣೇ. ಕಟ್ಟಡದ ನಲ್ಲಿಯಲ್ಲಿ ಸಿಮೆಂಟು ತೊಳೆದುಕೊಂಡು, ಅದನ್ನು ಕುತ್ತಿಗೆಗೆ, ಕಾಲರಿಗೆ ತಿಕ್ಕಿಕೊಂಡು ಮನೆಗೆ ಬರುತ್ತಿದ್ದರು. ನಾನು ಹೆದರಬಾರದಲ್ಲ, ಅದಕ್ಕೆ. ಅವರ ಕೊನೆಯ ಅಂಗಿಯನ್ನು ಒಗೆಯದೆ ಇಟ್ಟುಕೊಂಡಿದ್ದೇನೆ. ಮುಖಕ್ಕೆ ಒತ್ತಿಕೊಂಡರೆ ಸೋಪಿನ ವಾಸನೆ ಬರುತ್ತದೆ. ಅವರ ವಾಸನೆ ಬರುವುದಿಲ್ಲ.

ಅಂಚೆ ಕಚೇರಿ ತೆರೆದಿರುವ ಹೊತ್ತಿನಲ್ಲಿ ನಾನು ಶಾಲೆ ಗುಡಿಸುತ್ತಿರುತ್ತೇನೆ. ಅದಕ್ಕೆ ಇದನ್ನು ಪಕ್ಕದ ಮನೆಯ ಹುಡುಗನ ಕೈಲಿ ಅಂಚೆಗೆ ಹಾಕಿಸುತ್ತೇನೆ. ನಿನ್ನ ಉತ್ತರವನ್ನು ಸಂಜೆ ಹೊತ್ತು ಯಾರ ಕೈಲಾದರೂ ಕಳಿಸು. ಬಂದವರು ಸಂಘದ ಕಾಗದ ಅಂದರೆ ಸಾಕು, ಇಸಿದುಕೊಳ್ಳುತ್ತೇನೆ. ಬಾಗಿಲಲ್ಲಿ ನಿಂತು ರಜೆಯ ಮಾತು ಎತ್ತುವುದು ಬೇಡ ಅಂತ ಹೇಳಿ ಕಳಿಸು.