ಅತಿರಿಕ್ತದ ದಿನದ ಎಲೆಬುಟ್ಟಿಗಳು

ಸವಣೂರು, ೧೪ ಆಗಸ್ಟ್ ೧೯೬೧

ಬೆಳಿಗ್ಗೆ ಇಪ್ಪತ್ತು ಬುಟ್ಟಿ ವೀಳ್ಯದೆಲೆ ಸ್ಟೇಷನ್ನಿಗೆ ಹೋಯಿತು. ಮುಂಬಯಿ ಗಾಡಿ ಲೇಟು. ನಮ್ಮವರಿಗೆ ಗಂಜಿ ಕುಡಿಸಿದೆ. ಲಕ್ವ ಹೊಡೆದು ಎಂಟು ತಿಂಗಳು. ಮಾತು ಉಳಿದಿದೆ, ಅಷ್ಟೇ.

ಮಾವನವರ ತಂದೆ ಎತ್ತಿನ ಬೆನ್ನ ಮೇಲೆ ಎಲೆ ಸಾಗಿಸಿದರು. ಮಾವನವರು ಬಂಡಿ ಹೂಡಿದರು. ಇವರು ಲಾರಿ ತಂದರು. ಒಂದು ಮಾತ್ರ ಬದಲಾಗಿಲ್ಲ — ಏಕಾದಶಿಗೆ ತಾಂಬೂಲ ನಿಷಿದ್ಧ, ಅಂದು ಈ ಮನೆಯಿಂದ ಎಲೆ ಹೊರಡುವುದಿಲ್ಲ. ಪಂಚಾಂಗ ನೋಡಿ ತೋಟದವರಿಗೆ ಮೊದಲೇ ಹೇಳಿಕಳಿಸಬೇಕು, ಕೊಯ್ಯಬೇಡಿ ಎಂದು. ಈಗ ಅದು ನನ್ನ ಪಾಲಿನ ಕೆಲಸ.

೨೧ ಆಗಸ್ಟ್

ನಾಳೆ ಏಕಾದಶಿ. ಹೇಳಿಕಳಿಸಿದೆ. ತೋಟದ ಕರೀಮಸಾಬ ತಾನೇ ಬಂದು ಕೇಳಿಕೊಂಡು ಹೋದ. ಮಗಳು ಗೌಹರಳ ಮದುವೆಗೆ ಈ ಕೊಯ್ಲೇ ಆಧಾರವಂತೆ. ನಾಡಿದ್ದು ಬುಧವಾರ ಕೊಯ್ಯಿ ಎಂದೆ.

೨೩ ಆಗಸ್ಟ್, ಬೆಳಿಗ್ಗೆ

ತಪ್ಪಾಯಿತು. ಪಾರಣೆಯ ಹೊತ್ತು ನೋಡಲು ಪಂಚಾಂಗ ತೆಗೆದರೆ — ಅತಿರಿಕ್ತ. ಈ ಸಲ ಉಪವಾಸ ಎರಡು ದಿನ. ಇವತ್ತೂ ಇದೆ. ಮೊದಲ ಸಾಲು ಓದಿ ಮುಚ್ಚಿಟ್ಟಿದ್ದೆ.

ಕರೀಮಸಾಬ ಆಗಲೇ ಬಾಗಿಲಲ್ಲಿ. ಹದಿನೆಂಟು ಬುಟ್ಟಿ. ಮಳೆಯಲ್ಲಿ ಕೊಯ್ದ ಎಲೆ, ನಾಳೆಗೆ ಕಪ್ಪಾಗುತ್ತದೆ.

ಮಗ ಮಧ್ವೇಶ ಲಾರಿ ತೆಗೆಯಲಿಲ್ಲ. ಏಕಾದಶಿಗೂ ಹೋಟೆಲಿನಲ್ಲಿ ಭಜಿ ತಿನ್ನುವವನು! "ಅಜ್ಜ ಮಾಡಲಿಲ್ಲ, ಅಪ್ಪ ಮಾಡಲಿಲ್ಲ. ನಿನ್ನ ಕೈಲೆ ಮುರೀಬ್ಯಾಡವ್ವ."

ಕರೀಮಸಾಬ ದನಿ ಏರಿಸಲಿಲ್ಲ. "ಉಪಾಸ ನಿಮ್ದು, ಖರೆ. ಇವತ್ತ ಕೊಯ್ಯಿ ಅಂದವರೂ ನೀವ ಅಲ್ರಿ, ಬಾಯಾರ."

ಹನ್ನೊಂದು ಗಂಟೆ

ಇವರನ್ನು ಕೇಳಲೆಂದು ಹೋದೆ. ಬಾಗಿಲಲ್ಲಿ ನಿಂತು ಹಿಂದೆ ಬಂದೆ. ಕೇಳಿದರೆ ಬೇಡವೆನ್ನುತ್ತಾರೆ, ಆಮೇಲೆ ಅದನ್ನು ಮೀರಲಾಗದು.

ಹೇರು ಎಂದು ಮಧ್ವೇಶನಿಗೆ ಹೇಳಿದೆ. ಕದಲಲಿಲ್ಲ. ಸೆರಗು ಸಿಕ್ಕಿಸಿ ಮೊದಲ ಬುಟ್ಟಿ ನಾನೇ ಎತ್ತಿದೆ. ಬರಿಯ ತೀರ್ಥದ ಮೇಲಿದ್ದ ಮೈ… ಕಣ್ಣು ಕತ್ತಲೆ ಬಂತು. ಎರಡನೆಯದನ್ನು ಮಧ್ವೇಶ ನನ್ನ ಕೈಯಿಂದ ಕಸಿದು ತಾನೇ ಲಾರಿಗೆ ಹೇರಿದ.

ಸಂಜೆ

ಎಲೆಗೆ ಮುಂಬಯಿ ಗಾಡಿ ಸಿಕ್ಕಿತು. ಜಪದಲ್ಲಿ ಮನಸ್ಸು ನಿಲ್ಲಲಿಲ್ಲ.

ಇವರು ಕರೆದರು. ಮಲಗಿದಲ್ಲೇ ತಿಥಿ ಎಣಿಸುತ್ತಾರೆ. "ಇವತ್ತ ಅತಿರಿಕ್ತ ಅಲ್ಲೇನ? ಲಾರಿ ಎಲ್ಲಿಗೆ ಹೋಗಿತ್ತು?"

ಸ್ಟೇಷನ್ನಿಗೆ ಎಂದೆ. ತಪ್ಪು ಓದಿದ್ದು, ಬುಟ್ಟಿ ಎತ್ತಿದ್ದು ಎಲ್ಲ ಹೇಳಿದೆ. ಗೋಡೆಯ ಕಡೆ ಮುಖ ತಿರುಗಿಸಿದರು.

೨೪ ಆಗಸ್ಟ್, ಪಾರಣೆ

ನನ್ನ ಕೈಯಿಂದ ತೀರ್ಥ ತೆಗೆದುಕೊಳ್ಳುವುದಿಲ್ಲ ಎಂದುಕೊಂಡೇ ಹೋದೆ. ಬಾಯಿ ತೆರೆದರು. ನುಂಗಿದರು.

"ನಾ ಆಗಿದ್ರ ಕಳಸ್ತಿದ್ದಿಲ್ಲ," ಅಂದರು. ಆಮೇಲೆ — "ಕರೀಮಸಾಬನ ಎಲಿ ಕೊಳೀತಿತ್ತು. ನಾ ನೋಡ್ಕೋತ ಕೂಡ್ತಿದ್ದೆ."

ಮತ್ತೆ ಬಾಯಿ ತೆರೆದರು. ಎರಡನೆಯ ಸಲ ಹಾಕಿ, ಗಲ್ಲಕ್ಕಿಳಿದ ಹನಿಯನ್ನು ಸೆರಗಿನಿಂದ ಒರೆಸಿದೆ.