ತೆರೆಯದ ಮುಚ್ಚಳ

ಐಮಂಗಲ
೧೪ ಜೂನ್ ೨೦೨೫

ಕುರಿಗಾರರ ವಾಟ್ಸಾಪ್ ಗ್ರೂಪಿನಲ್ಲಿ ನಿಮ್ಮ ಪ್ರತಿ ಮೆಸೇಜಿಗೂ ಹಾರ್ಟ್ ಒತ್ತುವ ಹುಡುಗಿಯಿಂದ, ಸುಚಿತ್ರಕ್ಕಾ,

ಚಿತ್ರದುರ್ಗದ ಬಸ್ಸಿಗೆ ಕೊಡುತ್ತಿರುವ ಈ ಪೊಟ್ಟಣದಲ್ಲಿ ಕುರಿ ಲಸಿಕೆಯ ಬಾಟಲಿ ಇದೆ. ಗ್ರೂಪಿನಲ್ಲಿ ಹಾಕಲು ಭಯವಾಯಿತು, ಅದಕ್ಕೇ ಪತ್ರ.

ಅಸಲಿ ಲಸಿಕೆ ಗುರುತಿಸುವುದು ಹೇಗೆಂದು ನೀವು ಗ್ರೂಪಿನಲ್ಲಿ ಬರೆದಿದ್ದೆಲ್ಲ ನನಗೆ ಬಾಯಿಪಾಠ. ಮುಚ್ಚಳದ ಮೇಲಿನ ಚಿಪ್‌ನೊಳಗೆ ಗುಟ್ಟಿನ ಸಂಖ್ಯೆ ಇರುತ್ತದೆ; ಫೋನು ಪ್ರತಿ ಸಲ ಹೊಸ ಪ್ರಶ್ನೆ ಕೇಳುತ್ತದೆ; ಗುಟ್ಟು ಗೊತ್ತಿರುವ ಚಿಪ್ ಮಾತ್ರ ಸರಿಯುತ್ತರ ಕೊಡುತ್ತದೆ. ನಕಲು ಮಾಡಲಾಗದು. ಮುಚ್ಚಳ ಕಿತ್ತರೆ ಸಣ್ಣ ತಂತಿ ಹರಿದು 'ತೆರೆದಿದೆ' ಎಂದು ತೋರಿಸುತ್ತದೆ. ಇದನ್ನೇ ಹಟ್ಟಿಗೆಲ್ಲ ಸಾರಿದೆ. ಕರುಳುಬೇನೆ ಲಸಿಕೆ ತಂದವರೆಲ್ಲ ನನ್ನ ಫೋನಿಗೆ ಮುಟ್ಟಿಸಿಕೊಂಡು ಹೋದರು. "ಏನವ್ವ ಫೋನ್ ಡಾಕ್ಟ್ರೇ, ನಂದೂ ಒಂದೀಟು ನೋಡು" ಅಂತ ಚಿಕ್ಕತಿಮ್ಮಪ್ಪಜ್ಜ ತಮಾಷೆ ಮಾಡಿದ. ಫೋನಿನಲ್ಲಿ ಎಲ್ಲವೂ ಹಸಿರು, ಅಂದರೆ ಅಸಲಿ.

ಹೋದ ವಾರ ಅಪ್ಪ ನಮ್ಮ ಕುರಿಗಳಿಗೆಲ್ಲ ಚುಚ್ಚಿದ. ನಮ್ಮ ಬದುಕೆಲ್ಲ ಇರುವುದು ಆ ದೊಡ್ಡಿಯಲ್ಲೇ. ಇವತ್ತು ಬೆಳಿಗ್ಗೆ ಸುಮ್ಮನೆ ಖಾಲಿ ಬಾಟಲಿಗೂ ಫೋನು ಮುಟ್ಟಿಸಿದೆ. 'ಅಸಲಿ. ತೆರೆದಿಲ್ಲ.' ಮತ್ತೆ ಮುಟ್ಟಿಸಿದೆ, ಅದೇ ಉತ್ತರ ಅಕ್ಕಾ. ಅಪ್ಪನನ್ನು ಕೇಳಿದರೆ, "ಮುಚ್ಚಳ ಯಾಕೆ ಕೀಳ್ಬೇಕಲೇ? ದೊಡ್ಡಿ ಧೂಳೆಲ್ಲ ಒಳಗೆ ಬೀಳ್ತೈತೆ. ನಮ್ಮಪ್ಪನ ಕಾಲ್ದಿಂದ್ಲೂ ಮೇಲಿಂದ್ಲೇ ಸೂಜಿ ಚುಚ್ಚೋದು" ಅಂದ. ಸೂಜಿ ತಂತಿಯನ್ನು ಹರಿಯದೆ ಪಕ್ಕದಲ್ಲೇ ನುಸುಳಿದೆ. ಔಷಧ ಎಳೆದ ಸೂಜಿಗೆ ನೀರು ತುಂಬಲು ಬರುವುದಿಲ್ಲವೇ?

ಉಳಿದಿದ್ದ ಹೊಸ ಬಾಟಲಿಯನ್ನು ಬಿಸಿಲಿಗೆ ಹಿಡಿದೆ. ನಾವು ಇನ್ನೂ ಚುಚ್ಚದ ಮುಚ್ಚಳದಲ್ಲಿ ಆಗಲೇ ಸೂಜಿಯ ತೂತು. ಅದನ್ನೇ ಕಳಿಸುತ್ತಿದ್ದೇನೆ. ಒಳಗಿರುವುದು ಲಸಿಕೆಯೋ, ಬರೀ ನೀರೋ, ಬೇಗ ಪರೀಕ್ಷೆ ಮಾಡಿಸಿ ಹೇಳ್ರಿ. ಬಾಟಲಿ ಹಿಡಿದು ಬಾಗಿಲಿಗೆ ಬಂದವರಿಗೆ ಫೋನಿನಲ್ಲಿ ಚಾರ್ಜ್ ಇಲ್ಲವೆಂದು ಸುಳ್ಳು ಹೇಳಿ ಒಳಗೆ ಕೂತಿದ್ದೇನೆ. ನಿಜ ಹೇಳಿದರೆ ಒಳ್ಳೆಯ ಲಸಿಕೆಯನ್ನೂ ಚೆಲ್ಲಿಬಿಡುತ್ತಾರೆ. ಹೇಳದಿದ್ದರೆ ನೀರನ್ನೇ ಚುಚ್ಚುತ್ತಾರೆ, ನನ್ನನ್ನು ನಂಬಿ.

ಇಂತಿ,
ನಿಮ್ಮ ಸ್ವಾತಿ

ಪುನಶ್ಚ: ಒಂದು ಮಾತು ಮುಚ್ಚಿಟ್ಟಿದ್ದೆ. ಬಾಟಲಿಯ ತಳ ನೋಡ್ರಿ, ಕೆಂಪು ಚುಕ್ಕೆ ಇದೆ. ಖಾಲಿಯಾದ ಬಾಟಲಿಗೆ ಅಪ್ಪ ಇಡುವ ಗುರುತು ಅದು. ಹಿಂದಿನ ಸಲ ಅಜ್ಜಿ ಗುಜರಿಯವನಿಗೆ ಕೊಟ್ಟು ಬೆಳ್ಳುಳ್ಳಿ ಇಸಕೊಂಡ ನಮ್ಮದೇ ಬಾಟಲಿ, ತುಂಬಿಕೊಂಡು ವಾಪಸ್ ಬಂದಿದೆ. ಲಕೋಟೆ ಅಂಟಿಸಬೇಕು, ಅಷ್ಟರಲ್ಲಿ ಅಪ್ಪ ದೊಡ್ಡಿಯಿಂದ ಕೂಗುತ್ತಿದ್ದಾನೆ: "ಸ್ವಾತೀ, ಫೋನ್ ತಗಂಬಾರೇ! ಮರಿ ಮೇಲಕ್ಕೇಳ್ತಿಲ್ಲ!"